ಮೂಲೆಮಟ್ಟವನ್ನು ಮಗುಚಿ ನೋಡುವುದು

ಶಿರಾಡಿ ಘಾಟಿಯ ಅಂಚಿನ ಮಾರನಹಳ್ಳಿಯಂಥ ಊರಿನಲ್ಲಿ ಬಡಗಿಯೊಬ್ಬ ಉಳಿ ಮಸೆಯುವಾಗ ಬಳಸಲು ಪುಟ್ಟ ಮೂಲೆಮಟ್ಟ ಕೊಳ್ಳಬೇಕೆಂದರೆ ಯಾವುದನ್ನು ಆರಿಸಬೇಕು? ಸಣ್ಣ ಪ್ರಶ್ನೆಯೇ. ಆದರೆ ಅದರೊಳಗೆ ನಮ್ಮೆಲ್ಲರಿಗೂ ಸೇರಿದ ಇನ್ನೊಂದು ಪ್ರಶ್ನೆಯಿದೆ.

ಮೊದಲು ಕೆಲಸದ ಮಾತು. ಉಳಿಯ ಬಾಯಿ ಅದರ ಪಕ್ಕಕ್ಕೆ 90 ಡಿಗ್ರಿಯಲ್ಲಿರಬೇಕು. ಮಟ್ಟದ ಹಿಡಿಯನ್ನು ಪಕ್ಕಕ್ಕೆ ಒತ್ತಿ, ಪಟ್ಟಿಯನ್ನು ಬಾಯಿಗೆ ತಾಗಿಸಿ ಬೆಳಕಿಗೆ ಹಿಡಿದರೆ, ಓರೆಯಿದ್ದ ಕಡೆ ಬೆಳಕು ನುಸುಳುತ್ತದೆ. ತೋಪಡದ ಅಲಗೂ ಸಾಮಾನ್ಯವಾಗಿ 2 ಇಂಚಿನ ಆಸುಪಾಸು. ಹಾಗಾಗಿ 3 ಇಂಚಿನ ಮಟ್ಟ ಸಾಕು. ದೊಡ್ಡದಾದರೆ ಉಳಿಯ ಕಿರಿದಾದ ಪಕ್ಕದ ಮೇಲೆ ನಿಲ್ಲದೆ ವಾಲುತ್ತದೆ. ಮಲೆನಾಡಿನ ಮಳೆಗೆ ಬಾಗಿಲೇ ಉಬ್ಬಿ ಕಚ್ಚಿಕೊಳ್ಳುವಾಗ ಮರದ ಹಿಡಿಯನ್ನು ನಂಬುವುದು ಕಷ್ಟ. ಪೂರಾ ಉಕ್ಕಿನದೇ ವಾಸಿ, ಎಣ್ಣೆ ಸವರಿ ಇಡಬೇಕು ಅಷ್ಟೆ.

ಆದರೆ ಆ ಮಟ್ಟವೇ ಸರಿಯಿದೆ ಎಂದು ಹೇಳುವವರು ಯಾರು? ಇನ್ನೊಂದು ಮಟ್ಟವೇ? ಅದನ್ನು ಅಳೆಯಲು ಮತ್ತೊಂದೇ? 2019ರ ಮೇ 20ರವರೆಗೆ ಜಗತ್ತಿನ ಕಿಲೋಗ್ರಾಂ ಎಂದರೆ ಪ್ಯಾರಿಸ್ ಬಳಿ ಕಾಪಿಟ್ಟಿದ್ದ ಒಂದು ಲೋಹದ ತುಂಡು. ಅದು ಸವೆದರೂ ವ್ಯಾಖ್ಯೆಯ ಪ್ರಕಾರ ಅದೇ ಸರಿ, ಉಳಿದದ್ದೆಲ್ಲ ತಪ್ಪು.

ಬಡಗಿ ಅಷ್ಟು ದೂರ ಹೋಗಬೇಕಿಲ್ಲ. ನೇರ ಅಂಚಿನ ಹಲಗೆಗೆ ಹಿಡಿಯನ್ನು ಒತ್ತಿ, ಪಟ್ಟಿಯ ಒಳ ಅಂಚಿನಗುಂಟ ಚೂಪು ಪೆನ್ಸಿಲಿನಿಂದ ಗೆರೆ ಎಳೆಯುತ್ತಾನೆ. ಮಟ್ಟವನ್ನು ಮಗುಚಿ, ಅದೇ ಬುಡದಿಂದ ಇನ್ನೊಂದು ಗೆರೆ ಎಳೆಯುತ್ತಾನೆ. ಎರಡೂ ಒಂದರ ಮೇಲೊಂದು ಕೂತರೆ ಮಟ್ಟ ಸರಿ. ಕವಲೊಡೆದರೆ ತಪ್ಪು. ಕವಲಿನ ಅಂತರ ಇರುವ ತಪ್ಪಿನ ಎರಡರಷ್ಟು, ಆದ್ದರಿಂದ ಕಣ್ಣಿಗೆ ಬೇಗ ಬೀಳುತ್ತದೆ.

ನ್ಯಾಯದ ಅಳತೆಗೂ ಇದೇ ಪರೀಕ್ಷೆ ಸಲ್ಲುತ್ತದೆ. ಆಳು ಹತ್ತು ನಿಮಿಷ ತಡವಾಗಿ ಬಂದರೆ ಗೆರೆ ಎಳೆಯುವ ಕಾಫಿ ತೋಟದ ಮಾಲೀಕ, ಕೂಲಿ ಹತ್ತು ದಿನ ತಡವಾದಾಗಲೂ ಅದೇ ಗೆರೆ ಎಳೆಯುತ್ತಾನೆಯೇ? ತನ್ನ ಕಡೆಗೆ ವಾಲಿದ ಅಳತೆ ಹಿಡಿದವನಿಗೆ ನೇರವಾಗಿಯೇ ಕಾಣುತ್ತದೆ. ಅದರ ಓರೆ ಎಷ್ಟೆಂದು ಗೊತ್ತಾಗುವುದು ಮಗುಚಿದಾಗ.

ಇದಕ್ಕೊಂದು ಆಕ್ಷೇಪವಿದೆ. ಹಲಗೆಯ ಅಂಚೇ ಡೊಂಕಾಗಿದ್ದರೆ ಒಳ್ಳೆಯ ಮಟ್ಟವೂ ಸೋಲುತ್ತದೆ. ಎಲ್ಲೋ ಒಂದು ಕಡೆ ಏನನ್ನಾದರೂ ನಂಬಲೇಬೇಕು. ನಿಜ. ಪೂರ್ತಿ ನಿಖರತೆಯೂ ಬೇಕಿಲ್ಲ: 12 ಮಿಲಿಮೀಟರ್ ಉಳಿಯಲ್ಲಿ ಅರ್ಧ ಡಿಗ್ರಿಯ ಓರೆ ಎಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ಅಷ್ಟಕ್ಕೆ ಯಾವ ಬಾಗಿಲೂ ಕೆಡುವುದಿಲ್ಲ. ಸಣ್ಣ ಓರೆಗಿಂತ ದೊಡ್ಡ ದೋಷವೆಂದರೆ ಪರೀಕ್ಷೆಗೆ ಒಡ್ಡಿಕೊಳ್ಳದಿರುವುದು. ಮಟ್ಟ ತಾನಾಗಿ ಮಗುಚಿಕೊಳ್ಳುವುದಿಲ್ಲ. ಅದನ್ನು ಹಿಡಿದವನೇ ಮಗುಚಬೇಕು, ಇಲ್ಲವೇ ಅದರಿಂದ ಅಳೆಸಿಕೊಳ್ಳುವವನ ಕೈಗೆ ಒಮ್ಮೆ ಕೊಡಬೇಕು. ಕೊಳ್ಳುವಾಗಲೂ ಅಷ್ಟೇ: ಹಲಗೆ, ಪೆನ್ಸಿಲು ಕೇಳಿದರೆ ಮುಖ ಗಂಟಿಕ್ಕದ ಅಂಗಡಿಯಲ್ಲಿ ಕೊಳ್ಳುವುದು ಒಳ್ಳೆಯದು.