ಸೋರುವ ಕಡೆಗೆ ಸುರಿದರೆ?

ನಷ್ಟ ಕಣ್ಣಿಗೆ ಬಿದ್ದಾಗ ಮನಸ್ಸು ಮೊದಲು ಮಾಡುವ ಕೆಲಸ ಯಾವುದು? ಅದನ್ನು ನಂಬದಿರುವುದು.

2001ರ ಆಗಸ್ಟ್ 24ರ ನಸುಕು. ಟೊರಾಂಟೊದಿಂದ ಲಿಸ್ಬನ್‌ಗೆ ಹೊರಟ ಏರ್ ಟ್ರಾನ್ಸಾಟ್ ವಿಮಾನ 306 ಜನರನ್ನು ಹೊತ್ತು ಅಟ್ಲಾಂಟಿಕ್ ಸಾಗರದ ಮೇಲಿತ್ತು. ಕೆಲವೇ ದಿನಗಳ ಹಿಂದೆ ಬಲಗಡೆಯ ಎಂಜಿನ್ ಬದಲಿಸುವಾಗ ಹೊಂದಿಕೆಯಾಗದ ಕೊಳವೆಯೊಂದನ್ನು ಜೋಡಿಸಿದ್ದರು. ಅದು ಇಂಧನದ ಕೊಳವೆಗೆ ಉಜ್ಜಿ ಉಜ್ಜಿ ಬಿರುಕು ಮೂಡಿಸಿತು. ಇಂಧನ ಸೋರತೊಡಗಿತು.

ಇಂಧನ ಇಳಿಯುತ್ತಿರುವುದನ್ನು ಕಂಪ್ಯೂಟರ್ ತೋರಿಸಿತು. ಕಂಪ್ಯೂಟರೇ ತಪ್ಪಿರಬೇಕೆಂದು ಚಾಲಕರಿಗೆ ಅನ್ನಿಸಿತು. ಎರಡೂ ಕಡೆ ಸಮವಾಗಲೆಂದು ಅವರು ಎಡಗಡೆಯ ಇಂಧನವನ್ನು ಬಲಗಡೆಗೆ ಬಿಟ್ಟರು. ತುಂಬಿದ್ದ ಟಾಕಿಯೂ ಸೋರುವ ಕಡೆಗೇ ಬರಿದಾಯಿತು. ಒಂದರ ಹಿಂದೊಂದು ಎರಡೂ ಎಂಜಿನ್ ನಿಂತವು.

ಆದರೆ ಅಷ್ಟರೊಳಗೆ ಅವರು ಒಂದು ವಿವೇಕದ ಕೆಲಸ ಮಾಡಿದ್ದರು. ಲೆಕ್ಕದ ಮೇಲೆ ಅನುಮಾನವಿದ್ದರೂ ವಿಮಾನವನ್ನು ಅಜೋರ್ಸ್ ದ್ವೀಪಗಳತ್ತ ತಿರುಗಿಸಿದ್ದರು. ಎಂಜಿನ್ ಇಲ್ಲದೆ ಸುಮಾರು 19 ನಿಮಿಷ ತೇಲಿಸಿ ಅಲ್ಲಿ ಇಳಿಸಿದರು. ಕೆಲವರಿಗೆ ಗಾಯಗಳಾದವು, ಒಂದು ಜೀವವೂ ಹೋಗಲಿಲ್ಲ. ಮುಂದೆ ತನಿಖೆಯ ವರದಿ ಅವರ ತಪ್ಪನ್ನೂ ಹೇಳಿತು, ಇಳಿಸಿದ ಜಾಣ್ಮೆಯನ್ನೂ ಮೆಚ್ಚಿತು.

ನಾವಾದರೂ ಬೇರೆಯೇ? ವಹಿ ತಾಳೆಯಾಗದಿದ್ದರೆ ಲೆಕ್ಕ ಬರೆದವನನ್ನು ಗದರಿಸುತ್ತೇವೆ. ನಷ್ಟದ ಅಂಗಡಿಯನ್ನು ಎತ್ತಿ ನಿಲ್ಲಿಸಲು ಫಲ ಕೊಡುವ ಹೊಲವನ್ನು ಒತ್ತೆ ಇಡುತ್ತೇವೆ. ತೂತು ಎಲ್ಲಿದೆ ಎಂದು ಹುಡುಕುವ ಮೊದಲೇ ಸುರಿಯತೊಡಗುತ್ತೇವೆ.

ಕೆಟ್ಟ ಸುದ್ದಿಯನ್ನು ಒಡನೆ ನಂಬುವುದು ಯಾರಿಗೂ ಕಷ್ಟವೇ. ನಂಬಲಾಗದಿದ್ದರೂ ಚಿಂತೆಯಿಲ್ಲ, ಅದು ನಿಜವೇ ಆಗಿದ್ದರೆ ಎಂದು ಎಣಿಸಿ, ಶಕ್ತಿ ಇರುವಾಗಲೇ ದಡದ ಕಡೆಗೆ ಮುಖ ಮಾಡೋಣ.