ಡೀಸೆಲ್ ನಿಮ್ದು, ಗಾಡಿ ನಮ್ದು

2023ರ ದೀಪಾವಳಿ ಮುಗಿಸಿಕೊಂಡು ಅಪ್ಪ-ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಬರೋಣ ಅಂತ ಶಿವಮೊಗ್ಗದಿಂದ ವಿಮಾನದ ಟಿಕೆಟ್ ಮಾಡಿಸಿದ್ದೆ. ಸೋಗಾನೆಯ ನಿಲ್ದಾಣದಿಂದ ಬೆಂಗಳೂರಿಗೆ ವಿಮಾನ ಹಾರಲು ಶುರುವಾಗಿದ್ದು ಅದೇ ವರ್ಷ ಆಗಸ್ಟ್ 31ಕ್ಕೆ. ಶಿಕಾರಿಪುರ, ಸೊರಬದ ಕಡೆಯವರಿಗೆ ಬೆಂಗಳೂರು ಅಂದರೆ ರಾತ್ರಿ ಊಟ ಮುಗಿಸಿ ಬಸ್ ಹತ್ತೋದು, ಕತ್ತು ನೋಯಿಸಿಕೊಂಡು ಬೆಳಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿಯೋದು. ಅದನ್ನು ಬಿಟ್ಟು ಬೇರೆ ದಾರಿ ಇದೆ ಅನ್ನೋದನ್ನ ಅಪ್ಪನಿಗೆ ತೋರಿಸಬೇಕಿತ್ತು.

ಮೊಬೈಲ್‌ನಲ್ಲಿರೋ ಟಿಕೆಟ್ಟನ್ನ ಅಪ್ಪ ಟಿಕೆಟ್ ಅಂತ ಒಪ್ಪಲಿಲ್ಲ. ಶಿರಾಳಕೊಪ್ಪದಲ್ಲಿ ಪ್ರಿಂಟ್ ತೆಗೆಸಿ ಕೊಟ್ಟೆ. ಜಗಲಿಯಲ್ಲಿ ಕೂತು, ಕನ್ನಡಕ ಏರಿಸಿ, ಸೊಸೈಟಿಯ ಸಾಲದ ಕಾಗದ ಓದುವ ಹಾಗೆ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದ. ಒಂದು ಕಡೆ ಬೆರಳು ನಿಂತಿತು.

"ಎಂತದೋ ಇದು, ಫ್ಯೂಯಲ್ ಚಾರ್ಜ್ ಅಂತ? ಮುನ್ನೂರು?"

"ವಿಮಾನದ ಎಣ್ಣೆ ಖರ್ಚು ಅಪ್ಪ."

"ಹಂಗಾದ್ರೆ ಇದರ ಮೇಲೆ ಬರ್ದಿದಾರಲ್ಲ, ಅದು ಯಾತಕ್ಕೆ? ಎಣ್ಣೆ ಹಾಕದೇ ನಿಲ್ಸಿರೋ ವಿಮಾನದಲ್ಲಿ ಕೂರೋಕಾ?"

ನಾನು ನಕ್ಕೆ. ಅಪ್ಪ ನಗಲಿಲ್ಲ. ಅವನು ಇಪ್ಪತ್ತು ವರ್ಷದಿಂದ ಟ್ರ್ಯಾಕ್ಟರ್ ಬಾಡಿಗೆಗೆ ಓಡಿಸಿದವನು. ಎಣ್ಣೆಯ ಲೆಕ್ಕ ಅವನಿಗೆ ತಮಾಷೆಯ ವಿಷಯ ಅಲ್ಲ.

ಆ ಮುನ್ನೂರರ ಕತೆ ಇಷ್ಟು. ವಿಮಾನದ ಇಂಧನ, ಅಂದರೆ ಎಟಿಎಫ್‌ನ ಬೆಲೆಯನ್ನು ನಮ್ಮಲ್ಲಿ ಸರ್ಕಾರಿ ತೈಲ ಕಂಪನಿಗಳು ತಿಂಗಳಿಗೊಮ್ಮೆ ಪರಿಷ್ಕರಿಸುತ್ತವೆ. ಅದು ಜಿಎಸ್‌ಟಿಯ ಹೊರಗಿದೆ, ಹಾಗಾಗಿ ಒಂದೊಂದು ರಾಜ್ಯದಲ್ಲಿ ಒಂದೊಂದು ತೆರಿಗೆ. ವಿಮಾನ ಕಂಪನಿಯ ಖರ್ಚಿನಲ್ಲಿ ಹೆಚ್ಚುಕಡಿಮೆ ಶೇ. 40ರಷ್ಟು ಇಂಧನದ್ದೇ ಅನ್ನೋದು ಸಾಮಾನ್ಯವಾಗಿ ಹೇಳುವ ಲೆಕ್ಕ. 2023ರಲ್ಲಿ ಈ ಬೆಲೆ ಸತತ ಮೂರು ತಿಂಗಳು ಏರಿತು ಅಂತ ಕಾರಣ ಕೊಟ್ಟು ಇಂಡಿಗೋ ಅಕ್ಟೋಬರ್ 6ರಿಂದ ಟಿಕೆಟ್ಟಿನಲ್ಲಿ ಇಂಧನ ಶುಲ್ಕ ಅಂತ ಬೇರೆ ಸಾಲು ಸೇರಿಸಿತು. 500 ಕಿ.ಮೀ. ಒಳಗಿನ ಪ್ರಯಾಣಕ್ಕೆ 300 ರೂಪಾಯಿ, ಅಲ್ಲಿಂದ ಹಂತಹಂತವಾಗಿ ಏರಿ 3,500 ಕಿ.ಮೀ. ದಾಟಿದರೆ 1,000 ರೂಪಾಯಿ. ಎಟಿಎಫ್ ಬೆಲೆ ಇಳಿದ ಮೇಲೆ, 2024ರ ಜನವರಿ 4ರಿಂದ ಆ ಸಾಲನ್ನು ತೆಗೆದುಹಾಕಿತು.

ಲೆಕ್ಕ ಹಾಕಿ ನೋಡಿ. 3,500 ಕಿ.ಮೀ. ಹಾರುವವನಿಗೆ ಕಿಲೋಮೀಟರಿಗೆ 29 ಪೈಸೆಯೂ ಬೀಳಲಿಲ್ಲ. ಶಿವಮೊಗ್ಗ-ಬೆಂಗಳೂರು ರಸ್ತೆ ಲೆಕ್ಕದಲ್ಲಿ ಸುಮಾರು 300 ಕಿ.ಮೀ., ನಮಗೆ ಒಂದು ರೂಪಾಯಿ ಬಿತ್ತು. ಇದು ಅನ್ಯಾಯ ಅಂತ ನಾನು ವಾದ ಶುರು ಮಾಡಿದರೆ ಅಪ್ಪನೇ ತಡೆದ. "ಅದು ಹಂಗೇ. ಹತ್ತು ಗುಂಟೆ ಗದ್ದೆಗೆ ರೋಟಾವೇಟರ್ ಹೊಡಿಯೋಕೆ ಹೋದ್ರೆ ತಿರುಗ್ಸಿ ತಿರುಗ್ಸಿನೇ ಡೀಸೆಲ್ ಕಾಲಿ. ಉದ್ದ ಹೊಲ ಆದ್ರೆ ಕಮ್ಮೀಲಿ ಮುಗಿತದೆ." ಸರಿಯೇ. ವಿಮಾನವೂ ಮೇಲೇರುವಾಗಲೇ ಹೆಚ್ಚು ಕುಡಿಯುತ್ತದೆ. ಮುನ್ನೂರು ಹೆಚ್ಚೋ ಕಮ್ಮಿಯೋ ಅನ್ನೋದು ಅಪ್ಪನ ಪ್ರಶ್ನೆ ಆಗಿರಲಿಲ್ಲ. ಒಂದು ಬೆಲೆ ಹೇಳಿದ ಮೇಲೆ ಅದರೊಳಗೇ ಇರಬೇಕಾದ್ದನ್ನ ಹೊರಗೆ ಎತ್ತಿ ಯಾಕೆ ತೋರಿಸ್ತೀರಿ ಅನ್ನೋದು ಅವನ ಪ್ರಶ್ನೆ.

ನಮ್ಮ ಕಡೆ ಗಾಡಿ ಬಾಡಿಗೆಗೆ ಎರಡು ಪದ್ಧತಿ. ಒಂದು, ಅಪ್ಪನದು: ಗಂಟೆಗೆ ಇಷ್ಟು, ಎಲ್ಲಾ ಸೇರಿ. ಡೀಸೆಲ್ ಏರಿದರೆ ನಷ್ಟ ಗಾಡಿಯವನದು, ಇಳಿದರೆ ಲಾಭವೂ ಅವನದೇ. ಎರಡನೆಯದು ಸೊರಬದ ನನ್ನ ಸೋದರಮಾವನದು. ಚಂದ್ರಗುತ್ತಿಗೋ ಧರ್ಮಸ್ಥಳಕ್ಕೋ ಯಾರಾದರೂ ಕಾರು ಕೇಳಿದರೆ ಮಾವ ಒಂದೇ ಮಾತು ಹೇಳೋದು: "ಡೀಸೆಲ್ ನಿಮ್ದು, ಗಾಡಿ ನಮ್ದು." ಬಂಕಿನಲ್ಲಿ ಹಾಕಿಸುವಾಗ ಮೀಟರನ್ನ ನೀವೇ ನೋಡಿಕೊಳ್ಳಬಹುದು. ಏರಿದರೂ ಇಳಿದರೂ ನಿಮ್ಮದೇ. ಎರಡೂ ನೇರ ಪದ್ಧತಿ. ಏರಿಳಿತದ ಭಾರ ಯಾರ ಹೆಗಲ ಮೇಲಿದೆ ಅಂತ ಗಾಡಿ ಹೊರಡುವ ಮೊದಲೇ ಇಬ್ಬರಿಗೂ ಗೊತ್ತು.

ಹೆಚ್ಚುವರಿ ಶುಲ್ಕ ಅನ್ನೋದು ಮೂರನೆಯ ಪದ್ಧತಿ. ಬೆಲೆ ಒಟ್ಟಾರೆ ಹೇಳಿ, ಇಂಧನ ಏರಿದಾಗ ಮಾತ್ರ "ಡೀಸೆಲ್ ನಿಮ್ದು" ಅನ್ನೋದು. ಇಳಿದಾಗ ಮತ್ತೆ "ಎಲ್ಲಾ ಸೇರಿ" ಅನ್ನೋದು. ಏರಿದ್ದು ನಿಮ್ಮ ತಲೆಗೆ, ಇಳಿದದ್ದು ನಮ್ಮ ಜೇಬಿಗೆ. ಇದೇ ಆಗುತ್ತದೆ ಅಂತಲ್ಲ, ಆಗುವುದಕ್ಕೆ ಬಾಗಿಲು ತೆರೆದಿರುತ್ತದೆ. ಸರಕು ಸಾಗಣೆಯಲ್ಲಿ ಹಾಗೆ ಆಯಿತು ಅಂತಲೇ ಭಾರತೀಯ ಸ್ಪರ್ಧಾ ಆಯೋಗ 2015ರ ನವೆಂಬರ್‌ನಲ್ಲಿ ಜೆಟ್ ಏರ್‌ವೇಸ್, ಇಂಡಿಗೋ, ಸ್ಪೈಸ್‌ಜೆಟ್ ಮೂರಕ್ಕೂ ಸೇರಿ ಸುಮಾರು 258 ಕೋಟಿ ರೂಪಾಯಿ ದಂಡ ಹಾಕಿತ್ತು. ಮೂವರೂ ಒಟ್ಟಾಗಿ ಇಂಧನ ಶುಲ್ಕ ನಿಗದಿ ಮಾಡುತ್ತಿದ್ದಾರೆ, ಇಂಧನದ ಬೆಲೆ ಇಳಿದಾಗಲೂ ಶುಲ್ಕ ಏರಿದೆ ಅನ್ನೋದು ಆಯೋಗದ ಮಾತು. ಮೇಲ್ಮನವಿಯಲ್ಲಿ ಆ ಆದೇಶ ರದ್ದಾಗಿ ವಾಪಸ್ ಬಂತು. 2018ರಲ್ಲಿ ಆಯೋಗ ಮತ್ತೆ ದಂಡ ಹಾಕಿತು, ಈ ಸಲ ಸುಮಾರು 54 ಕೋಟಿ.

ವಿಮಾನ ಕಂಪನಿಗಳನ್ನ ಬೈಯೋದು ಸುಲಭ. ಕಿಂಗ್‌ಫಿಷರ್ 2012ರಲ್ಲಿ ನಿಂತಿತು, ಜೆಟ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ. ದುಡ್ಡಿನ ಗುಡ್ಡೆಯ ಮೇಲೆ ಕೂತ ವ್ಯಾಪಾರ ಇದಲ್ಲ. ಇನ್ನೊಂದು ವಿಷಯ: ಬೆಂಗಳೂರು-ದೆಹಲಿಯಂಥ ಟಿಕೆಟ್ಟಿನಲ್ಲಿ ಪ್ರಾದೇಶಿಕ ಸಂಪರ್ಕಕ್ಕೆ ಅಂತ ಒಂದು ಸಣ್ಣ ಸಾಲು ಇರುತ್ತದೆ. ಉಡಾನ್ ಯೋಜನೆಯಲ್ಲಿ ಸಣ್ಣ ಊರುಗಳಿಗೆ ಹಾರುವ ವಿಮಾನಗಳ ನಷ್ಟ ತುಂಬಿಕೊಡೋದು ಆ ದುಡ್ಡಿನಿಂದ. ಶಿವಮೊಗ್ಗದಿಂದ ತಿರುಪತಿಗೆ, ಹೈದರಾಬಾದಿಗೆ ವಿಮಾನ ಬಂದದ್ದು ಆ ಯೋಜನೆಯಲ್ಲೇ. ಹಾಗಾಗಿ ಟಿಕೆಟ್ಟಿನ ಕೆಳಗಿನ ಸಾಲುಗಳೆಲ್ಲ ಮೋಸ ಅಂತ ನಾನು ಹೇಳಲಾರೆ. ಯಾರೋ ಗುರುತಿಲ್ಲದವರು ಕೊಟ್ಟ ಸಾಲಿನ ಮೇಲೆ ನಮ್ಮೂರಿನವರೂ ಹಾರುತ್ತಿದ್ದೇವೆ.

ಹಾಗಾದರೆ ತಪ್ಪು ಎಲ್ಲಿದೆ? ನನಗೆ ಇದು ಅರ್ಥವಾಗಿದ್ದು ಟ್ರ್ಯಾಕ್ಟರಿನಿಂದ.

2021ರಲ್ಲಿ ಡೀಸೆಲ್ ಏರುತ್ತಾ ಏರುತ್ತಾ 100 ದಾಟಿತ್ತಲ್ಲ, ಆಗ ಅಪ್ಪ ಗಂಟೆಗೆ 800 ಇದ್ದ ಬಾಡಿಗೆಯನ್ನ 900 ಮಾಡಿದ. ಕೇಳಿದವರಿಗೆಲ್ಲ "ಡೀಸೆಲ್ ನೂರಾಯ್ತಲ್ಲ ಮಾರಾಯ" ಅಂದ. ಯಾರೂ ಎದುರಾಡಲಿಲ್ಲ, ನಿಜವೇ ಆಗಿತ್ತು. ನವೆಂಬರ್ 3ರ ರಾತ್ರಿ, ದೀಪಾವಳಿಯ ಹಿಂದಿನ ದಿನ, ಕೇಂದ್ರ ಸರ್ಕಾರ ಡೀಸೆಲ್ ಮೇಲಿನ ಸುಂಕ 10 ರೂಪಾಯಿ ಇಳಿಸಿತು. ರಾಜ್ಯವೂ 7 ರೂಪಾಯಿ ಇಳಿಸಿತು. ಡೀಸೆಲ್ ಒಮ್ಮೆಗೇ 85ರ ಹತ್ತಿರ ಬಂತು. ಅಪ್ಪ ಸುಮ್ಮನಿದ್ದ. ಹಬ್ಬ ಕಳೆಯಿತು, ಮೆಕ್ಕೆಜೋಳ ಮನೆಗೆ ಬಂತು, ಬಾಡಿಗೆ 900ರಲ್ಲೇ ಇತ್ತು. ಒಂದು ದಿನ ಕೆರೆ ಏರಿಯ ಹತ್ತಿರ ಅರ್ಧ ಎಕರೆ ಇರುವ ಒಬ್ಬ ಅಕ್ಕ, ಗಂಡ ಇಲ್ಲದವಳು, ದುಡ್ಡು ಕೊಡೋಕೆ ಮನೆಗೆ ಬಂದಳು. ಎಣಿಸಿ ಕೊಡುತ್ತಾ ಕೇಳಿದಳು:

"ಏರ್ಸುವಾಗ ಡೀಸೆಲ್ ಡೀಸೆಲ್ ಅಂದ್ಯಲ್ಲ ತಮ್ಮ, ಇಳಿದಾಗ ಯಾಕೆ ಬಾಯಿ ಬಿಡ್ಲಿಲ್ಲ?"

ನಾನಾಗ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ, ಒಳಗೆ ಕೂತು ಕೇಳಿಸಿಕೊಂಡೆ. ಅಪ್ಪ ಟಯರಿನ ರೇಟು, ರಿಪೇರಿ ಅಂತ ಏನೇನೋ ಹೇಳಿದ. ಅಕ್ಕ ಹೋದ ಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ. ಮಾರನೇ ದಿನದಿಂದ ಬಾಡಿಗೆ 850 ಆಯಿತು. ಸರಿಯಾದ ಲೆಕ್ಕ ಏನು? ಗಂಟೆಗೆ 5 ಲೀಟರ್ ಹಿಡಿದರೆ, ವರ್ಷದ ಶುರುವಿನಲ್ಲಿದ್ದ 80 ರೂಪಾಯಿಗೆ ಹೋಲಿಸಿ 825 ಆಗಬೇಕಿತ್ತು. 25 ರೂಪಾಯಿ ಅಪ್ಪ ಇಟ್ಟುಕೊಂಡ. ನಾನು ಅದನ್ನ ಹೇಳಿದಾಗ ಅವನು ಅಂದದ್ದು ಇವತ್ತಿಗೂ ನೆನಪಿದೆ: "ಕಾರಣ ಹೇಳ್ದೆ ಏರ್ಸಿದ್ರೆ ಇಳ್ಸೋ ಕಷ್ಟನೇ ಇರ್ತಿರ್ಲಿಲ್ಲ ನೋಡು."

ಇಡೀ ವಿಷಯ ಆ ಮಾತಿನಲ್ಲಿದೆ ಅಂತ ನನಗನ್ನಿಸುತ್ತದೆ. ಬೆಲೆ ಬರೀ ಒಂದು ಸಂಖ್ಯೆ. ಅದಕ್ಕೆ ಕಾರಣ ಅಂಟಿಸಿದ ಕೂಡಲೇ ಅದು ಮಾತು ಕೊಟ್ಟ ಹಾಗೆ. "ಡೀಸೆಲ್ ಏರಿದ್ದಕ್ಕೆ ನೂರು ಜಾಸ್ತಿ" ಅನ್ನುವವನು "ಇಳಿದರೆ ತೆಗೀತೀನಿ" ಅನ್ನೋದನ್ನೂ ಹೇಳದೆಯೇ ಹೇಳಿರುತ್ತಾನೆ. ಕೇಳಿದವರು ಮರುಮಾತಿಲ್ಲದೆ ಒಪ್ಪಿದ್ದು ಆ ಕಾರಣವನ್ನ. ಕಾರಣ ಹೋದ ಮೇಲೂ ದುಡ್ಡು ಮಾತ್ರ ಉಳಿದರೆ, ಅವರು ಒಪ್ಪದೇ ಇದ್ದದ್ದನ್ನ ತೆಗೆದುಕೊಂಡ ಹಾಗೆ.

ಇದನ್ನ ಅಪ್ಪನ ಮೇಲೋ ವಿಮಾನ ಕಂಪನಿಯ ಮೇಲೋ ಹೊರಿಸಿ ನಾನು ಪಾರಾಗಬಹುದಿತ್ತು. ಆದರೆ 2022ರಲ್ಲಿ ನಾನೇ ಇಂಥ ಒಂದು ಸಾಲು ಬರೆದಿದ್ದೇನೆ. ಆಗ ನಾನಿದ್ದದ್ದು ಮನೆಮನೆಗೆ ಸಾಮಾನು ತಲುಪಿಸುವ ಒಂದು ಕಂಪನಿಯಲ್ಲಿ. ಮಾರ್ಚ್ ಕೊನೆಯಿಂದ ಎರಡು ವಾರದಲ್ಲಿ ಪೆಟ್ರೋಲ್ ಲೀಟರಿಗೆ 10 ರೂಪಾಯಿ ಏರಿತ್ತು. ಪ್ರತಿ ಆರ್ಡರಿಗೆ 5 ರೂಪಾಯಿ ಇಂಧನ ಶುಲ್ಕ ಸೇರಿಸಬೇಕು ಅಂತ ಬಂತು. ಅದರಲ್ಲಿ ಒಂದು ಪಾಲು ಬೈಕ್ ಓಡಿಸುವ ಹುಡುಗರಿಗೆ ಹೋಗುತ್ತಿತ್ತು, ಸುಳ್ಳು ಹೇಳಬಾರದು. ನಾನು ಬರೆದೆ. ಶುಲ್ಕದ ಹೆಸರು, ಮೊತ್ತ, ಶುರುವಾಗುವ ದಿನಾಂಕ, ಮುಗಿಯುವ ದಿನಾಂಕ. ಮುಗಿಯುವ ದಿನಾಂಕದಲ್ಲಿ ಏನು ಹಾಕಲಿ ಅಂತ ಕೇಳಿದೆ. "ಸದ್ಯಕ್ಕೆ ಖಾಲಿ ಬಿಡು" ಅಂದರು. ಬಿಟ್ಟೆ.

ಮೇ 21ಕ್ಕೆ ಕೇಂದ್ರ ಮತ್ತೆ ಸುಂಕ ಇಳಿಸಿತು. ಬೆಂಗಳೂರಲ್ಲಿ 111 ಇದ್ದ ಪೆಟ್ರೋಲ್ 102ರ ಆಸುಪಾಸಿಗೆ ಬಂತು. ನಮ್ಮ 5 ರೂಪಾಯಿ ಹಾಗೇ ಇತ್ತು. ನಾನು ಗಮನಿಸಿದೆ. ಕೆಲಸದ ಪಟ್ಟಿಯಲ್ಲಿ ಒಂದು ಟಿಕೆಟ್ ಹಾಕಿದೆ. ಅದು ಪಟ್ಟಿಯ ತಳಕ್ಕೆ ಇಳಿಯಿತು. ಮೀಟಿಂಗಿನಲ್ಲಿ ಒಮ್ಮೆ ಎತ್ತಬೇಕು ಅಂತಿದ್ದೆ, ಅದು ಅಪ್ರೈಸಲ್ ತಿಂಗಳು, ಎತ್ತಲಿಲ್ಲ. ಮುಂದಿನ ವರ್ಷ ನಾನು ಆ ಕಂಪನಿ ಬಿಡುವಾಗಲೂ ಆ ಜಾಗ ಖಾಲಿಯೇ ಇತ್ತು. ನಮ್ಮ ವ್ಯವಸ್ಥೆಯಲ್ಲಿ "ಏರಿದ್ದಕ್ಕೆ" ಅಂತ ಹೇಳೋಕೆ ಒಂದು ಪರದೆ ಇತ್ತು, "ಇಳಿದಾಗ ಯಾಕೆ ಬಾಯಿ ಬಿಡ್ಲಿಲ್ಲ" ಅಂತ ಕೇಳೋಕೆ ಜಗಲಿ ಇರಲಿಲ್ಲ. ಆ ಅಕ್ಕನ ಮಾತು ನನ್ನ ಕಿವಿಯಲ್ಲಿತ್ತು, ಆದರೂ ನಾನು ಬಾಯಿ ಬಿಡಲಿಲ್ಲ. ಅಪ್ಪ ಉಳಿಸಿಕೊಂಡ 25 ರೂಪಾಯಿಗೆ ತಕರಾರು ತೆಗೆದವನು ನಾನೇ.

ದೀಪಾವಳಿಯ ಆ ಸಂಜೆ, ಟಿಕೆಟ್ಟಿನ ಮೇಲೆ ಬೆರಳಿಟ್ಟು ಕೂತಿದ್ದ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವನು ಬೈಯಲಿಲ್ಲ. "ನಂಗಾದ್ರೆ ಆ ಅಕ್ಕ ಬಂದು ಕೇಳಿದ್ಲು. ನಿನ್ನ ಹತ್ರ ಯಾರು ಬರ್ಬೇಕಿತ್ತು?" ಅಂದ. ನನಗೆ ಉತ್ತರ ಹೊಳೆಯಲಿಲ್ಲ.

ಈಚೆಗೆ ಊರಿಗೆ ಹೋದಾಗ ಬಾಡಿಗೆ 1,100 ಆಗಿತ್ತು. 2024ರ ಜೂನ್‌ನಲ್ಲಿ ರಾಜ್ಯ ತೆರಿಗೆ ಏರಿಸಿದ ಮೇಲೆ ಡೀಸೆಲ್ ಮೂರು ರೂಪಾಯಿ ಜಾಸ್ತಿಯಾಗಿದ್ದು ನಿಜ. ಆದರೆ ಅಪ್ಪ ಈ ಸಲ ಯಾರಿಗೂ ಡೀಸೆಲ್ ಹೆಸರು ಹೇಳಿಲ್ಲವಂತೆ. "ಕಾರಣ ಹೇಳಿದ್ರೆ ಆ ಅಕ್ಕ ಮತ್ತೆ ಬರ್ತಾಳೆ" ಅಂತ ನಕ್ಕ. ನನಗೆ ನಗು ಬಂತು, ಬೇಜಾರೂ ಆಯಿತು. ಕಾರಣ ಹೇಳಿ ಸಿಕ್ಕಿಬಿದ್ದವನು ಕಾರಣ ಹೇಳೋದನ್ನೇ ಬಿಡುತ್ತಾನೆ.

ವಿಮಾನದ ಟಿಕೆಟ್ಟಿನಲ್ಲೂ ಈಗ ಯೋಚಿಸಿದರೆ ಅದೇ. ಆ 300 ರೂಪಾಯಿಯ ಸಾಲು ಮೂರು ತಿಂಗಳು ಇತ್ತು, ಆಮೇಲೆ ಹೋಯಿತು. ಅದರ ಮೇಲಿನ ಸಾಲು, ಮೂಲ ದರ, ಬೆಳಗ್ಗೆ ಒಂದು, ಸಂಜೆ ಒಂದು, ಹಬ್ಬಕ್ಕೆ ಮತ್ತೊಂದು. ಅದಕ್ಕೆ ಯಾರೂ ಕಾರಣ ಬರೆಯೋದಿಲ್ಲ, ನಾವೂ ಕೇಳೋದಿಲ್ಲ. ಜನವರಿ 4ರ ನಂತರ ಟಿಕೆಟ್ ನಿಜವಾಗಿ 300 ಅಗ್ಗವಾಯಿತಾ ಅಂತ ಪತ್ತೆ ಮಾಡೋಕೆ ನಮಗೆ ದಾರಿಯೇ ಇಲ್ಲ. ನಮಗೆ ಸಿಟ್ಟು ಬರೋದು ಮಾತ್ರ ಹೆಸರಿಟ್ಟು ಕೇಳಿದವನ ಮೇಲೆ. ನನ್ನ ಪ್ರಕಾರ ಅದು ತಲೆಕೆಳಗು. ಹೆಸರಿಟ್ಟವನಾದರೂ ಪ್ರಶ್ನೆ ಕೇಳೋಕೆ ನಮಗೊಂದು ಜಾಗ ಬಿಟ್ಟಿರುತ್ತಾನೆ. ಅವನನ್ನ ಬೈಯೋದರ ಬದಲು "ಸರಿ, ಯಾವಾಗ ತೆಗೀತೀಯ?" ಅಂತ ಕೇಳಬೇಕು.

ನಮ್ಮಲ್ಲಿ ತುಂಬಾ ಜನ ಇಂಥ ಸಾಲುಗಳನ್ನ ಕಟ್ಟೋದು ಬರೀ ಗ್ರಾಹಕರಾಗಿ ಅಲ್ಲ, ಅವನ್ನ ಬರೆಯುವವರೂ ನಾವೇ. ಈಗಿನ ಕಂಪನಿಯಲ್ಲಿ ಶುಲ್ಕದ ಕೆಲಸ ಬಂದಾಗ ಮುಗಿಯುವ ದಿನಾಂಕ ಖಾಲಿ ಇದ್ದರೆ ನಾನು ಒಪ್ಪಿಗೆ ಒತ್ತೋದಿಲ್ಲ. ಆರು ತಿಂಗಳಾದರೂ ಹಾಕಿ, ಬೇಕಾದರೆ ಮುಂದುವರಿಸುವಾಗ ಯಾರಾದರೂ ಮತ್ತೆ ಕೂತು ಕಾರಣ ಬರೆಯಲಿ ಅಂತೀನಿ. ಇದರಿಂದ ಲೋಕ ಬದಲಾಗಲ್ಲ. ಒಂದೆರಡು ಸಲ ಜಗಳವೂ ಆಗಿದೆ.

ಅಪ್ಪ ಆ ಸಲ ವಿಮಾನ ಹತ್ತಿದ. ಕಿಟಕಿ ಪಕ್ಕ ಕೂತು ಪೂರ್ತಿ ದಾರಿ ಕೆಳಗೆ ನೋಡುತ್ತಿದ್ದ. ಇಳಿದ ಮೇಲೆ ಹೇಗಿತ್ತು ಅಂತ ಕೇಳಿದರೆ, "ಚಲೋ ಓಡಿಸ್ದ. ಮುನ್ನೂರಕ್ಕೆ ಮೋಸ ಇಲ್ಲ" ಅಂದ.