ಸದ್ದು ಯಾರ ಪಾಲಿಗೆ?

ಹೊಸೂರಿಗೆ ವಿಮಾನ ನಿಲ್ದಾಣ ಬರುತ್ತದೆ ಅಂತ 2024ರ ಜೂನ್ ತಿಂಗಳಲ್ಲಿ ಮುಖ್ಯಮಂತ್ರಿ ಸ್ಟಾಲಿನ್ ಅವರು ವಿಧಾನಸಭೆಯಲ್ಲಿ ಹೇಳಿದಾಗಿನಿಂದ ನಮ್ಮ ಕಡೆ ನಾಲ್ಕು ಜನ ಕೂತಲ್ಲೆಲ್ಲ ಅದೇ ಮಾತು. 2000 ಎಕರೆ, ವರ್ಷಕ್ಕೆ 3 ಕೋಟಿ ಪ್ರಯಾಣಿಕರು. ಬೆಂಗಳೂರು ನಿಲ್ದಾಣದ ಒಪ್ಪಂದದ ಪ್ರಕಾರ 150 ಕಿಲೋಮೀಟರ್ ಒಳಗೆ 2033ರ ತನಕ ಇನ್ನೊಂದು ಅಂಥ ನಿಲ್ದಾಣ ಕೂಡದಲ್ಲ, ಹೆಂಗೆ ಬರ್ತದೆ ಅಂತ ಪೇಪರ್ ಓದುವವರು ಕೇಳುತ್ತಾರೆ. ಮಿಕ್ಕವರಿಗೆಲ್ಲ ಎಕರೆಗೆ ಎಷ್ಟು ಅನ್ನುವುದೇ ಲೆಕ್ಕ.

ವಾಚನಾಲಯದ ಜಗಲಿ ಮೇಲೆ ಒಂದು ಸಂಜೆ ಹೀಗೇ ಮಾತು ನಡೆದಿತ್ತು. ಹಾಲು ಹಾಕಿ ಬರುತ್ತಿದ್ದ ಅಜ್ಜಿಯೊಬ್ಬರು ಕ್ಯಾನು ಕೆಳಗಿಟ್ಟು ಕೇಳಿದರು: "ಭೂಮಿ ಹೋದೋರ್ಗೆ ದುಡ್ಡು ಬತ್ತದೆ, ಸರಿ ಕಣಪ್ಪ. ಭೂಮಿ ಹೋಗ್ದೇ ಇರೋರ ತಲೆ ಮ್ಯಾಲೆ ರಾತ್ರಿಯೆಲ್ಲ ಹಾರ್ತಾವಲ್ಲ, ಅವರಿಗೇನು?" ನಮ್ಮಲ್ಲಿ ಒಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ಈ ಬರಹ ಆ ಪ್ರಶ್ನೆಯ ಹಿಂದೆ ಹೋದದ್ದು.

ಇದೇ ಪ್ರಶ್ನೆ ಹಿಂದೆ ಅಮೆರಿಕದ ಕೋಳಿ ಸಾಕುವವನೊಬ್ಬ ಕೇಳಿದ್ದ. ಥಾಮಸ್ ಲೀ ಕಾಸ್ಬಿ ಅಂತ, ಉತ್ತರ ಕೆರೊಲಿನಾ ರಾಜ್ಯದವನು. ಎರಡನೇ ಮಹಾಯುದ್ಧದ ಕಾಲದಲ್ಲಿ ಪಕ್ಕದ ನಿಲ್ದಾಣಕ್ಕೆ ಸೇನೆಯ ದೊಡ್ಡ ವಿಮಾನಗಳು ಬರತೊಡಗಿದವು. ಅವನ ಮನೆಯ ಮೇಲೆ ಬರೀ 67 ಅಡಿ ಎತ್ತರದ ದಾರಿ. ಕೋಳಿಗಳು ಬೆದರಿ ಗೋಡೆಗೆ ಹಾರಿ ಬಿದ್ದು ಸುಮಾರು 150 ಸತ್ತವು, ಕಸುಬೇ ನಿಂತುಹೋಯಿತು. 1946ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಎರಡು ಮಾತು ಹೇಳಿತು. ನೆಲದ ಒಡೆಯನಿಗೆ ಆಕಾಶದ ತುದಿಯವರೆಗೂ ಹಕ್ಕು ಅನ್ನುವ ಹಳೇ ನಂಬಿಕೆ ಈ ಕಾಲಕ್ಕೆ ನಡೆಯುವುದಿಲ್ಲ. ಆದರೆ ನೆಲವನ್ನು ಬಳಸಲಾಗದಷ್ಟು ಕೆಳಗೆ, ಅಷ್ಟು ಸಲ ಹಾರಿದರೆ, ಅದು ಆ ನೆಲವನ್ನೇ ಕಿತ್ತುಕೊಂಡ ಹಾಗೆ, ಸರ್ಕಾರ ಹಣ ಕೊಡಬೇಕು.

ಒಳ್ಳೇ ತೀರ್ಪೇ. ಆದರೂ ಕಾಸ್ಬಿಯ ಕೈಯಲ್ಲಿ ಎಣಿಸಿ ತೋರಿಸುವುದಕ್ಕೆ ಸತ್ತ ಕೋಳಿಗಳಿದ್ದವು. ಬಾಣಂತಿಯ ಮಗು ರಾತ್ರಿ ಮೂರು ಸಲ ಬೆಚ್ಚಿಬಿದ್ದು ಅತ್ತದ್ದನ್ನು ಯಾವ ಕೋರ್ಟಿಗೆ ಹೊತ್ತುಕೊಂಡು ಹೋಗುವುದು? ನಮ್ಮ ದೇಶದ 2000ದ ಶಬ್ದ ನಿಯಮದಲ್ಲಿ ಜನವಸತಿಗೆ ಹಗಲು 55, ರಾತ್ರಿ 45 ಡೆಸಿಬೆಲ್ ಅಂತ ಮಿತಿ ಇದೆ. ಅದು ಸರಾಸರಿ ಲೆಕ್ಕ. ಮಲಗಿದವರನ್ನು ಎಬ್ಬಿಸುವುದು ಮಾತ್ರ ಎರಡು ಗಂಟೆ ರಾತ್ರಿಯಲ್ಲಿ ಬಂದ ಆ ಒಂದು ವಿಮಾನ.

ಈಗ ಕಷ್ಟದ ಪ್ರಶ್ನೆ. ಸದ್ದು ಹೇಗೂ ಬೀಳಲೇಬೇಕು ಅಂದರೆ ಎಲ್ಲಿ ಬೀಳಬೇಕು? ಹಿಂದೆ ವಿಮಾನಗಳು ನೆಲದ ರೇಡಿಯೋ ಗುರುತು ಹಿಡಿದು ಹಾರುತ್ತಿದ್ದಾಗ ಒಂದು ಅತ್ತ, ಒಂದು ಇತ್ತ, ದಾರಿ ಅಗಲವಾಗಿ ಹರಡಿಕೊಳ್ಳುತ್ತಿತ್ತು. ಈಗ ಉಪಗ್ರಹದ ಸಹಾಯದಿಂದ ದಾರವಿಟ್ಟು ಎಳೆದ ಹಾಗೆ ಒಂದೇ ಗೆರೆ. ಇಂಧನ ಉಳಿತಾಯ, ಸದ್ದಿಗೆ ಸಿಗುವ ಜನವೂ ಕಮ್ಮಿ. ಆದರೆ ಆ ಗೆರೆಯ ಕೆಳಗಿದ್ದವರಿಗೆ ಅಷ್ಟೂ ವಿಮಾನದ ಪಾಲು. 2014ರಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಹೀಗೇ ಹೊಸ ಗೆರೆ ಎಳೆದಾಗ ಹಳೇ ಬಡಾವಣೆಯವರು ಸಿಟ್ಟಿಗೆದ್ದರು, ನಗರಸಭೆಯೇ ಕೋರ್ಟಿಗೆ ಹೋಯಿತು. ಜನರನ್ನು ಸರಿಯಾಗಿ ಕೇಳದೆ ಮಾಡಿದ್ದು ತಪ್ಪು ಅಂತ 2017ರಲ್ಲಿ ತೀರ್ಪಾಯಿತು.

ತಲೆ ಎಣಿಸಿದರೆ ಉತ್ತರ ಸುಲಭ. ಹೊಸೂರು ಪೇಟೆಯ ಮೇಲೆ ಹಾರಿಸುವ ಬದಲು ಬೇರಿಕೆ, ಬಾಗಲೂರು, ತಳಿ ಕಡೆಯ ಹಳ್ಳಿಗಳ ಮೇಲೆ ಹಾರಿಸಿದರೆ ಎಚ್ಚರವಾಗುವವರು ಕಮ್ಮಿ. ಆದರೆ ಹಳ್ಳಿಯಲ್ಲಿ ಜನ ಕಮ್ಮಿ ಅನ್ನುವ ಇದೇ ಲೆಕ್ಕದಿಂದಲೇ ಬಸ್ಸು ಕಡೇಗೆ ಬಂತು, ಆಸ್ಪತ್ರೆ ಕಡೇಗೆ ಬಂತು. ಒಳ್ಳೇದು ಹಂಚುವಾಗಲೂ ಕಮ್ಮಿ ಜನ, ಕೆಟ್ಟದ್ದು ಹಂಚುವಾಗಲೂ ಕಮ್ಮಿ ಜನ ಅಂದರೆ ಆ ಲೆಕ್ಕದಲ್ಲಿ ಎಲ್ಲೋ ಮೋಸವಿದೆ. ಸಾವಿರ ಜನರ ನಿದ್ದೆ ಉಳಿಯಿತು ಅನ್ನುವುದು ಪ್ರತಿ ರಾತ್ರಿ ನಿದ್ದೆ ಕೆಟ್ಟ ಹತ್ತು ಜನಕ್ಕೆ ಸಮಾಧಾನವಾಗುವುದು ಹೇಗೆ? ಆ ಸಾವಿರದಲ್ಲಿ ಅವರಿಲ್ಲವಲ್ಲ.

ನಮ್ಮ ಹಿರಿಯರು ಕೆರೆ ನೀರಿಗೆ ಇದನ್ನು ಬೇರೆ ಥರ ಬಗೆಹರಿಸಿದ್ದರು. ತೂಬು ಎತ್ತುವವನು ನೀರಗಂಟಿ. ಅಚ್ಚುಕಟ್ಟಿನಲ್ಲಿ ದೊಡ್ಡ ಹಿಡುವಳಿ, ಸಣ್ಣ ಹಿಡುವಳಿ ಎರಡಕ್ಕೂ ಸರದಿ. ನೀರು ಕಮ್ಮಿಯಾದ ವರ್ಷ ಎಲ್ಲರ ಸರದಿಯೂ ಚಿಕ್ಕದಾಗುತ್ತಿತ್ತು, ಬಾಲದಂಚಿನ ಗದ್ದೆ ಒಣಗಲಿ ಅಂತ ಬಿಡುವ ಹಾಗಿರಲಿಲ್ಲ. ಎಷ್ಟೋ ಊರಲ್ಲಿ ನೀರಗಂಟಿಗೆ ಆ ಕೆರೆ ಕೆಳಗೆ ಸ್ವಂತ ಗದ್ದೆ ಇರುತ್ತಿರಲಿಲ್ಲ. ಸುಗ್ಗಿಯಲ್ಲಿ ಎಲ್ಲರ ಕಣದಿಂದಲೂ ಅವನಿಗೆ ಕಾಳು. ಜಗಳ ಆಗುತ್ತಿರಲಿಲ್ಲ ಅಂತಲ್ಲ, ಗುದ್ದಲಿ ಎತ್ತಿದ ಕಥೆಗಳೂ ಉಂಟು.

ಸದ್ದಿಗೂ ಸರದಿ ಸಾಧ್ಯ. ಲಂಡನ್ನಿನ ಹೀಥ್ರೂನಲ್ಲಿ ಎರಡು ರನ್‌ವೇ. ಪಡುವಣ ಗಾಳಿ ಇರುವ ದಿನಗಳಲ್ಲಿ ಒಂದರಲ್ಲಿ ಇಳಿಯುವುದು, ಇನ್ನೊಂದರಲ್ಲಿ ಏರುವುದು. ಮಧ್ಯಾಹ್ನ 3 ಗಂಟೆಗೆ ಅದಲುಬದಲು. ಈ ವಾರ ಬೆಳಗಿನ ಬಿಡುವು ಸಿಕ್ಕವರಿಗೆ ಮುಂದಿನ ವಾರ ಸಂಜೆಯ ಬಿಡುವು. ಸದ್ದು ಹೋಗಿಲ್ಲ, ಆದರೆ ಯಾವಾಗ ನಿಲ್ಲುತ್ತದೆ ಅನ್ನುವುದು ಗೊತ್ತು. ಎಲ್ಲಾ ಕಡೆ ಇದು ಆಗುವುದಿಲ್ಲ, ನಿಜ. ಇಳಿಯುವ ವಿಮಾನ ಕಡೆಯ ಹತ್ತು ಕಿಲೋಮೀಟರ್ ನೇರಕ್ಕೇ ಬರಬೇಕು, ಅಲ್ಲಿ ಅದರ ಎತ್ತರ ಸುಮಾರು 500 ಮೀಟರ್, ಮುಂದೆ ಇನ್ನೂ ಕಮ್ಮಿ. ಒಂದೇ ರನ್‌ವೇ ಇದ್ದರೆ ಆ ಸಾಲಿನ ಊರುಗಳಿಗೆ ರಾತ್ರಿ ಕೆಲವು ಗಂಟೆ ಪೂರಾ ನಿಲ್ಲಿಸುವುದು ಬಿಟ್ಟು ಬೇರೆ ಬಿಡುವು ಇಲ್ಲ. ಏರುವ ದಾರಿಗಳನ್ನಂತೂ ಬದಲಾಯಿಸಬಹುದು.

ನೀರಿಗೂ ಸದ್ದಿಗೂ ಒಂದು ವ್ಯತ್ಯಾಸ ಇದೆ, ಅದನ್ನು ಮರೆಮಾಚಬಾರದು. ನೀರಿನ ಸರದಿಗೆ ಎಲ್ಲರೂ ಮುಂದೆ ಬರುತ್ತಾರೆ. ಸದ್ದಿನ ಸರದಿಗೆ ಪಕ್ಕದೂರಿನವರು ಯಾಕೆ ಒಪ್ಪಬೇಕು? ಅವರೂರು ಇವತ್ತು ನಿಶ್ಶಬ್ದವಾಗಿದೆ. ನನಗೆ ತೋಚುವ ಉತ್ತರ ಒಂದೇ: ವಿಮಾನ ಹತ್ತುವವರು ಎಲ್ಲಾ ಊರಿನವರೂ ಇದ್ದಾರೆ. ನಾನೂ ಮಗಳ ಬಾಣಂತನಕ್ಕೆ ವಿಮಾನದಲ್ಲಿ ಹೋಗಿ ಬಂದವನು. ಅವತ್ತು ಕಿಟಕಿಯಿಂದ ಯಾರದೋ ಹೆಂಚಿನ ಮನೆಗಳು ಕಂಡವು, ಚೆಂದ ಇದೆ ಅಂದುಕೊಂಡೆ, ಅಷ್ಟೇ. ಜಾತ್ರೆಯಲ್ಲಿ ರಾತ್ರಿ ಒಂದು ಗಂಟೆವರೆಗೆ ಮೈಕು ಹಾಕಿಸುವ ನಾವು ಸದ್ದಿನ ಬಗ್ಗೆ ಮಾತಾಡುವಾಗ ಸ್ವಲ್ಪ ತಗ್ಗಿಯೇ ಮಾತಾಡಬೇಕು. ಆದರೆ ಜಾತ್ರೆ ಮೂರು ದಿನ.

ಹೀಥ್ರೂ ವಿಷಯ ಅಜ್ಜಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಆ ಸರದಿ ಬರೆಯೋನು ಎಲ್ಲಿ ಕೂತಿರ್ತಾನೆ?" ಅಂದರು. ದೆಲ್ಲಿಯಲ್ಲೋ ಚೆನ್ನೈಯಲ್ಲೋ ಇರಬೇಕು ಅಂದೆ. "ನಮ್ ನೀರಗಂಟಿ ದಿನಾ ನಮ್ಮ ಬೀದೀಲೇ ಓಡಾಡ್ತಿದ್ದ" ಅಂದು ಕ್ಯಾನು ಎತ್ತಿಕೊಂಡರು. ಗ್ರಾಮಸಭೆಯಲ್ಲಿ ಜಮೀನಿನ ದರ ಕೇಳುವಾಗ, ದಾರಿಯ ನಕಾಶೆಯನ್ನು ಮೊದಲೇ ತಂದು ತೋರಿಸಿ, ರಾತ್ರಿಯ ಬಿಡುವು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅಂತ ಬರೆದು ಕೊಡಿ ಅಂತಲೂ ಕೇಳೋಣ ಅಂತ ನಾವು ಏಳೆಂಟು ಜನ ಮಾತಾಡಿಕೊಂಡಿದ್ದೇವೆ. ಭೂಮಿ ಹೋಗದೆ ಉಳಿಯುವವರೂ ಆ ದಿನ ಬರಬೇಕು.